ನೂರ ಒಂಬತ್ತು ಸಿ.ಸಿ.ಯ ವ್ಯಾನು

ತೆರಿಗೆಯ ಗಡುವಿಗೆ ಸರಿಯಾಗಿ ಒಂದು ವಾರ ಬಾಕಿಯಿತ್ತು. ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ, ನಾನಿನ್ನೂ ಶಟರ್ ಪೂರ್ತಿ ಎತ್ತಿರಲಿಲ್ಲ, ವ್ಯಾನ್ ಭಾಯಿ ಬಂದು ಮೆಟ್ಟಿಲ ಮೇಲೆ ನಿಂತರು.

ಬ್ಯಾಟರಾಯನಪುರದ ಸರ್ವಿಸ್ ರಸ್ತೆಯಿಂದ ಒಳಗೆ ತಿರುಗಿದರೆ ಎರಡನೇ ಅಡ್ಡರಸ್ತೆಯಲ್ಲಿ ನನ್ನ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಗಿರಾಕಿಗಳಿಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಆನ್‌ಲೈನ್‌ನಲ್ಲಿ ತುಂಬಬೇಕಾದ ಅರ್ಜಿ ಯಾವುದೇ ಇರಲಿ, ತುಂಬಿಕೊಡುವುದು ನನ್ನ ಕೆಲಸ. ಅದರಲ್ಲಿ ಅರ್ಧಕ್ಕರ್ಧ ಹಳದಿ ಬೋರ್ಡಿನ ಗಾಡಿಗಳದ್ದು. ಅವುಗಳ ತೆರಿಗೆ ಮೂರು ತಿಂಗಳಿಗೊಮ್ಮೆ, ಇಲ್ಲವೇ ವರ್ಷದ್ದನ್ನು ಒಟ್ಟಿಗೆ ಕಟ್ಟಬೇಕು. ಭಾಯಿ ಆರ್.ಟಿ. ನಗರದವರು, ಅರವತ್ತರ ಹತ್ತಿರದ ವಯಸ್ಸು. ಹನ್ನೆರಡು ಸೀಟಿನ ಸ್ವಂತ ವ್ಯಾನು ಇಟ್ಟುಕೊಂಡು ಯಲಹಂಕ, ಕೊಡಿಗೇಹಳ್ಳಿ, ಅಮೃತಹಳ್ಳಿಯಿಂದ ನರ್ಸ್‌ಗಳನ್ನು ಹತ್ತಿಸಿಕೊಂಡು ಹೆಬ್ಬಾಳದ ಒಂದು ಆಸ್ಪತ್ರೆಗೆ ಬಿಡುತ್ತಿದ್ದರು. ಬೆಳಗಿನ ಪಾಳಿಯವರನ್ನು ಬಿಟ್ಟು, ಮಧ್ಯಾಹ್ನದ ಪಾಳಿಗೆ ಹೊರಡುವ ಮುಂಚೆ ನನ್ನ ಹತ್ತಿರ ಬರುವುದು ಅವರ ರೂಢಿ.

"ಬೇಗ ಒಂದು ಕಟ್ಬಿಡಿ ಅಮ್ಮಾ. ಆಮೇಲೆ ರಶ್ ಆಗುತ್ತೆ ನಿಮ್ಗೆ" ಎಂದು ಫೋನ್ ಮುಂದಿಟ್ಟರು.

ಗಾಡಿಯ ನಂಬರ್ ಹಾಕಿ, ಚಾಸಿಸ್ ಸಂಖ್ಯೆಯ ಕೊನೆಯ ಐದು ಅಂಕಿ ಹಾಕಿ, ಮಾಲೀಕರ ಮೊಬೈಲಿಗೆ ಬಂದ ಓಟಿಪಿ ಹೊಡೆದರೆ ಗಾಡಿಯ ಜಾತಕವೆಲ್ಲ ತೆರೆದುಕೊಳ್ಳುತ್ತದೆ. ಓಡಲು ಯೋಗ್ಯ ಎನ್ನುವ ಎಫ್‌ಸಿ ಎಲ್ಲಿಯವರೆಗೆ, ಹೊಗೆ ತಪಾಸಣೆಯ ಎಮಿಷನ್ ಎಲ್ಲಿಯವರೆಗೆ, ಇನ್ಶೂರೆನ್ಸ್ ಎಲ್ಲಿಯವರೆಗೆ. ಆ ದಿನ ಮೊದಲಿನ ಎರಡೂ ಸರಿಯಿದ್ದವು. ಇನ್ಶೂರೆನ್ಸ್ ಮುಂದೆ ಐದು ತಿಂಗಳ ಹಿಂದಿನ ತಾರೀಖು ಕೂತಿತ್ತು. ಕೆಳಗೆ ಕೆಂಪಕ್ಷರದಲ್ಲಿ, ವಿಮೆ ಚಾಲ್ತಿಯಲ್ಲಿಲ್ಲ, ಮುಂದುವರಿಯಲು ಆಗುವುದಿಲ್ಲ ಎಂಬ ಸಾಲು.

ನನಗೆ ಗಾಬರಿಯೇನೂ ಆಗಲಿಲ್ಲ. ವಿಮಾ ಕಂಪನಿಯವರು ಪಾಲಿಸಿಯ ವಿವರವನ್ನು ಸಾರಿಗೆ ದಾಖಲೆಗೆ ಕಳಿಸುವುದು ಕೆಲವೊಮ್ಮೆ ತಡವಾಗುತ್ತದೆ. ಮೂರು ತಿಂಗಳ ಹಿಂದೆ ಇದೇ ವ್ಯಾನಿಗೆ ಹೀಗೇ ಆಗಿತ್ತು. ಆಗ ಆ ಪುಟದಲ್ಲಿ ಪಾಲಿಸಿ ಸಂಖ್ಯೆಯನ್ನೂ ತಾರೀಖನ್ನೂ ನಾವೇ ತುಂಬುವ ಖಾನೆಯೊಂದಿತ್ತು. ನಾನೇ ತುಂಬಿದ್ದೆ, ತೆರಿಗೆ ಹೋಗಿತ್ತು. ಈ ಸಲ ನೋಡಿದರೆ ಆ ಖಾನೆಯೇ ಇರಲಿಲ್ಲ. ಕಂಪನಿಯಿಂದ ಬಂದ ದಾಖಲೆ ತಾನಾಗಿ ತೋರಬೇಕು, ಇಲ್ಲದಿದ್ದರೆ ಇಲ್ಲ.

ಪಾಲಿಸಿಯ ಪಿಡಿಎಫ್ ನನ್ನ ಕಂಪ್ಯೂಟರಿನಲ್ಲೇ ಇತ್ತು. ಐದು ತಿಂಗಳ ಹಿಂದೆ ಏಜೆಂಟ್ ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ನಾನೇ ಪ್ರಿಂಟ್ ತೆಗೆದು ಲ್ಯಾಮಿನೇಷನ್ ಮಾಡಿಕೊಟ್ಟಿದ್ದೆ. ಅದರ ಮೂಲೆಯಲ್ಲಿದ್ದ ಕ್ಯೂಆರ್ ಕೋಡನ್ನು ಫೋನಿನಿಂದ ಹಿಡಿದೆ. ತೆರೆಯಲಿಲ್ಲ. ಪುಟವನ್ನು ದೊಡ್ಡದು ಮಾಡಿ ಒಂದೊಂದೇ ಸಾಲು ಓದುತ್ತ ಬಂದೆ. ಹೆಸರು ಸರಿ, ವಿಳಾಸ ಸರಿ, ಗಾಡಿಯ ನಂಬರ್ ಸರಿ. ಎಂಜಿನ್ನಿನ ಅಳತೆ ಬರೆಯುವ ಕಡೆ ನೂರ ಒಂಬತ್ತು ಸಿ.ಸಿ. ಎಂದಿತ್ತು.

ಹನ್ನೆರಡು ಜನರನ್ನು ಎಳೆಯುವ ಡೀಸೆಲ್ ವ್ಯಾನಿನ ಎಂಜಿನ್ ಎರಡು ಸಾವಿರ ಸಿ.ಸಿ.ಗೆ ಕಡಿಮೆ ಇರುವುದಿಲ್ಲ. ನೂರ ಒಂಬತ್ತು ಎಂದರೆ ಸ್ಕೂಟರ್.

"ಏನಮ್ಮಾ, ಸರ್ವರ್ ಇಲ್ವಾ?" ಎಂದರು ಭಾಯಿ.

"ಐದು ನಿಮಿಷ ಭಾಯಿ" ಎಂದೆ. ವಿಮಾ ಕಂಪನಿಯ ಸ್ವಂತ ಜಾಲತಾಣದಲ್ಲಿ ಪಾಲಿಸಿ ಸಂಖ್ಯೆ ಹಾಕಿ ನೋಡುವ ಒಂದು ಪುಟವಿದೆ. ಹಾಕಿದೆ. ಪಾಲಿಸಿ ಇತ್ತು, ಚಾಲ್ತಿಯಲ್ಲೂ ಇತ್ತು. ಆದರೆ ಗಾಡಿಯ ನಂಬರ್ ಬೇರೆ, ಮಾಲೀಕರ ಹೆಸರು ಬೇರೆ. ವರ್ಗದ ಮುಂದೆ ದ್ವಿಚಕ್ರ ವಾಹನ ಎಂದಿತ್ತು.

ಏಜೆಂಟ್‌ಗೆ ಫೋನ್ ಮಾಡಿದೆ. ಅವನೂ ಆರ್.ಟಿ. ನಗರದವನೇ, ಮೂವತ್ತರ ಆಸುಪಾಸು, ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದ. ಎರಡು ವರ್ಷದಿಂದ ಇನ್ಶೂರೆನ್ಸ್ ಬೇಕೆಂದು ಬಂದವರನ್ನೆಲ್ಲ ನಾನು ಅವನ ಹತ್ತಿರವೇ ಕಳಿಸುತ್ತಿದ್ದೆ. ಅರ್ಧ ಗಂಟೆಯಲ್ಲಿ ಪಾಲಿಸಿ ಕಳಿಸುತ್ತಿದ್ದ, ಬೇರೆಯವರಿಗಿಂತ ತುಸು ಕಡಿಮೆಗೆ. ಪ್ರತಿ ಗಿರಾಕಿಗೂ ನನಗೆ ಒಂದಿಷ್ಟು ಕೊಡುತ್ತಿದ್ದ, ನಾನು ತೆಗೆದುಕೊಳ್ಳುತ್ತಿದ್ದೆ.

"ಅಕ್ಕಾ, ಟೆನ್ಷನ್ ತಗೋಬೇಡಿ. ಸರ್ವರಲ್ಲಿ ಅಪ್‌ಡೇಟ್ ಆಗಿರಲ್ಲ ಅಷ್ಟೇ."

"ಸಿ.ಸಿ. ನೂರ ಒಂಬತ್ತು ಅಂತಿದೆ ಕಣಪ್ಪಾ ಇದ್ರಲ್ಲಿ."

"ಪ್ರಿಂಟಿಂಗ್ ಮಿಸ್ಟೇಕ್ ಅಕ್ಕಾ. ಕಂಪ್ನಿಗೆ ಹೇಳಿ ಸರಿ ಮಾಡ್ಸಿ ಹತ್ತು ನಿಮಿಷದಲ್ಲಿ ಕಳಿಸ್ತೀನಿ."

ಹತ್ತು ನಿಮಿಷವೂ ಆಗಲಿಲ್ಲ. ಹೊಸ ಪಿಡಿಎಫ್ ಬಂತು. ಅದೇ ಪಾಲಿಸಿ ಸಂಖ್ಯೆ, ಅದೇ ತಾರೀಖು. ಸಿ.ಸಿ. ಇದ್ದ ಕಡೆ ಎರಡು ಸಾವಿರದ ಮೇಲಿನ ಅಂಕಿ. ಅಂಕಿಯ ಅಕ್ಷರ ಮಾತ್ರ ಪಕ್ಕದ ಅಕ್ಷರಗಳಿಗಿಂತ ಒಂದು ಎಳೆ ದಪ್ಪವಾಗಿತ್ತು. ಸೋಮವಾರ ಬೆಳಗ್ಗೆ ಯಾವ ಕಂಪನಿಯೂ ಏಳು ನಿಮಿಷದಲ್ಲಿ ಪಾಲಿಸಿ ತಿದ್ದಿ ಕೊಡುವುದಿಲ್ಲ. ಆ ದಪ್ಪ ಅಂಕಿ ನೋಡಿದಾಗ ಅವನು ಮಾಡಿದ್ದು ತಿಳಿಯಿತು. ಯಾರದೋ ಸ್ಕೂಟರಿನ ಅಗ್ಗದ ಪಾಲಿಸಿಯನ್ನು ತೆಗೆದುಕೊಂಡು ಅದರ ಮೇಲೆ ಭಾಯಿಯ ಹೆಸರು ಕೂರಿಸಿದ್ದ.

ಭಾಯಿಗೆ ಹೇಗೆ ಹೇಳುವುದೆಂದು ಯೋಚಿಸಲು ಹೆಚ್ಚು ಸಮಯವಿರಲಿಲ್ಲ. ಒಂದು ಗಂಟೆಗೆ ಅವರು ಮಧ್ಯಾಹ್ನದ ಪಾಳಿಗೆ ಹೊರಡಬೇಕಿತ್ತು, ಹೊರಡದಿದ್ದರೆ ನರ್ಸ್‌ಗಳಿಗೆ ಮುಂಚೆಯೇ ತಿಳಿಸಬೇಕಿತ್ತು. ಪರದೆಯನ್ನು ಅವರ ಕಡೆ ತಿರುಗಿಸಿ ಎರಡೂ ಕಾಗದವನ್ನು ಪಕ್ಕಪಕ್ಕ ಇಟ್ಟೆ.

"ಭಾಯಿ, ನಿಮ್ ವ್ಯಾನಿಗೆ ಇನ್ಶೂರೆನ್ಸ್ ಇಲ್ಲ. ಐದು ತಿಂಗಳಿಂದಾನೂ ಇಲ್ಲ. ಈ ಕಾಗ್ದ ಸುಳ್ಳು."

ಅವರು ಕನ್ನಡಕ ಹಾಕಿಕೊಂಡು ಓದಿದರು. ಮತ್ತೆ ತೆಗೆದರು. ಸಿಟ್ಟು ಬರುತ್ತದೆಂದು ನಾನು ಕಾಯುತ್ತಿದ್ದೆ. ಅವರು ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ಕುಳಿತು, ಬಹಳ ಮೆಲ್ಲಗೆ ಹೇಳಿದರು. "ಯಾ ಅಲ್ಲಾ. ದಿನಾ ಮೂರು ಟ್ರಿಪ್ಪು. ಹನ್ನೆರಡು ಹನ್ನೆರಡು ಹೆಣ್ಮಕ್ಳು. ಏನಾದ್ರೂ ಆಗ್ಬಿಟ್ಟಿದ್ರೆ ಅವ್ರ ಮನೆಯವ್ರಿಗೆ ಏನ್ ಕೊಡ್ತಿದ್ದೆ ನಾನು?"

"ಇವತ್ತು ಗಾಡಿ ತೆಗೀಬೇಡಿ."

"ತೆಗೀದೆ ಇದ್ರೆ ಆಸ್ಪತ್ರೆ ಗಾಡಿ ಕಾಂಟ್ರಾಕ್ಟರು ರೂಟ್ ಬೇರೆಯವ್ರಿಗೆ ಕೊಟ್ಬಿಡ್ತಾನೆ. ಗೊತ್ತಲ್ಲ ನಿಮ್ಗೆ?"

"ಗೊತ್ತು. ಆದ್ರೂ ತೆಗೀಬೇಡಿ."

ಅವರು ನನ್ನನ್ನು ಒಂದು ಸಲ ನೋಡಿದರು. ಆಮೇಲೆ ಅಲ್ಲೇ ಕೂತು ಒಬ್ಬೊಬ್ಬ ನರ್ಸಿಗೂ ಫೋನ್ ಮಾಡಿದರು. ಗಾಡಿ ಕೆಟ್ಟಿದೆ ಎನ್ನಬಹುದಿತ್ತು. ಅವರು ಹಾಗೆನ್ನಲಿಲ್ಲ. "ಇನ್ಶೂರೆನ್ಸಲ್ಲಿ ಮೋಸ ಆಗಿದೆ ಸಿಸ್ಟರ್, ಸರಿ ಆಗೋ ತನಕ ನಿಮ್ಮನ್ನ ಕೂರಿಸ್ಕೊಳ್ಳಕ್ಕೆ ನಂಗೆ ಧೈರ್ಯ ಇಲ್ಲ, ಬಸ್ಸಲ್ಲಿ ಹೋಗಿ" ಎಂದು ಹನ್ನೆರಡು ಸಲ ಹೇಳಿದರು. ಕೊನೆಯಲ್ಲಿ ಕಾಂಟ್ರಾಕ್ಟರಿಗೂ ಅದನ್ನೇ ಹೇಳಿದರು. ಕಾಂಟ್ರಾಕ್ಟರ್ ಮುಂದಿನ ಸೋಮವಾರದ ತನಕ ಬದಲಿ ಗಾಡಿ ಹಾಕುತ್ತೇನೆ, ಅಷ್ಟರೊಳಗೆ ತೆರಿಗೆ ರಸೀದಿ ತೋರಿಸಿ ಎಂದ.

ಮಂಗಳವಾರ ನಾವಿಬ್ಬರೂ ಹೆಬ್ಬಾಳದಲ್ಲಿದ್ದ ವಿಮಾ ಕಂಪನಿಯೊಂದರ ಶಾಖೆಗೇ ಹೋದೆವು. ಇನ್ನು ಮಧ್ಯವರ್ತಿ ಬೇಡ ಎಂಬುದು ಇಬ್ಬರ ತೀರ್ಮಾನ. ಅಲ್ಲಿ ಸಮಯ ಉಳಿಯಲೆಂದು ನಾನು ಅಂಗಡಿಯಲ್ಲೇ ಗಾಡಿಯ ವಿವರಗಳನ್ನು ಟೈಪ್ ಮಾಡಿ ಒಯ್ದಿದ್ದೆ. ಪ್ರೀಮಿಯಂ ದುಡ್ಡನ್ನು ಭಾಯಿ ಹೊಂದಿಸಿಕೊಂಡು ಬಂದಿದ್ದರು, ಎಲ್ಲಿಂದ ಎಂದು ನಾನು ಕೇಳಲಿಲ್ಲ. ಮೂರು ಗಂಟೆಯ ಹೊತ್ತಿಗೆ ಪಾಲಿಸಿ ಕೈಗೆ ಬಂತು. ಕ್ಯೂಆರ್ ಹಿಡಿದೆ. ಭಾಯಿಯ ಹೆಸರು, ವ್ಯಾನಿನ ನಂಬರ್, ಹನ್ನೆರಡು ಪ್ರಯಾಣಿಕರು. ಮಧ್ಯರಾತ್ರಿಯಿಂದ ಜಾರಿ. ದಾಖಲೆಗೆ ಹೋಗಲು ಒಂದು ದಿನ ಹಿಡಿಯಬಹುದು ಎಂದರು.

ಬುಧವಾರ ಬೆಳಗ್ಗೆ ಭಾಯಿಯಿಂದ ಫೋನಿನಲ್ಲಿ ಓಟಿಪಿ ಕೇಳಿ ನೋಡಿದೆ. ಕೆಂಪು ಸಾಲು ಹಾಗೇ ಇತ್ತು. ಮಧ್ಯಾಹ್ನವೂ ಇತ್ತು, ಸಂಜೆಯೂ ಇತ್ತು.

ಕಾಯುವ ಆ ದಿನವೇ ನನಗೆ ಕಷ್ಟವಾಗಿದ್ದು. ಅಂಗಡಿಗೆ ಬಂದವರ ಕೆಲಸ ಮಾಡಿಕೊಡುತ್ತಿದ್ದೆ, ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಅವನು ಇದನ್ನು ಭಾಯಿಯೊಬ್ಬರಿಗೇ ಮಾಡಿರಲು ಹೇಗೆ ಸಾಧ್ಯ? ಯಾವ ದಿನ ಯಾರ ಯಾವ ಕೆಲಸ ಮಾಡಿದೆ ಎಂದು ಬರೆದಿಡುವ ಒಂದು ಪುಸ್ತಕ ನನ್ನ ಹತ್ತಿರವಿದೆ. ಅದನ್ನು ತೆಗೆದು, ಏಜೆಂಟ್ ಕಡೆ ಕಳಿಸಿದ ಗಾಡಿಗಳಿಗೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಪಾಲಿಸಿ ಇನ್ನೂ ಚಾಲ್ತಿಯಲ್ಲಿರಬೇಕಾದವು ಇಪ್ಪತ್ತಾರು. ಗೂಡ್ಸ್ ಆಟೋಗಳು, ಟ್ಯಾಕ್ಸಿಗಳು, ಎರಡು ಸ್ಕೂಲ್ ವ್ಯಾನು. ಇಪ್ಪತ್ತಾರು ಪಿಡಿಎಫ್‌ಗಳೂ ಕಂಪ್ಯೂಟರಿನಲ್ಲಿದ್ದವು, ನನ್ನ ಪ್ರಿಂಟರಿನಿಂದಲೇ ಹೊರಗೆ ಬಂದಿದ್ದವು.

ಪಕ್ಕದ ಅಂಗಡಿ ಜೆರಾಕ್ಸಿನದು. ಅದರ ಯಜಮಾನರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಈ ಅಂಗಡಿ ಹಿಡಿಯಲು ನನಗೆ ಸಹಾಯ ಮಾಡಿದವರು. ವಿಷಯವನ್ನೆಲ್ಲ ಅವರಿಗೆ ಹೇಳಿದೆ.

"ನೋಡಮ್ಮಾ, ಭಾಯೀದು ನಿನ್ ಕಣ್ಣಿಗೆ ಬಿತ್ತು, ಸರಿ ಮಾಡ್ಸ್ತಿದೀಯ, ಒಳ್ಳೇದು. ಉಳಿದಿದ್ದೆಲ್ಲ ಯಾಕೆ ಮೈಮೇಲೆ ಎಳ್ಕೊಳ್ತೀಯ? ಟ್ಯಾಕ್ಸ್ ಕಟ್ಟೋಕ್ಕೆ ಬಂದಾಗ ಅವ್ರಿಗೇ ಗೊತ್ತಾಗುತ್ತೆ. ಈಗ್ಲೇ ಫೋನ್ ಮಾಡಿದ್ರೆ ಎಲ್ಲಾ ನಿನ್ ಅಂಗ್ಡಿ ಮುಂದೆ ಬಂದು ನಿಲ್ತಾರೆ. ಕಳ್ಸಿದ್ದು ನೀನು ತಾನೆ?"

ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನನ್ನ ಮಗಳು ಕಾಲೇಜಿನಲ್ಲಿದ್ದಾಳೆ, ಮನೆ ನಡೆಯುವುದು ಈ ಅಂಗಡಿಯಿಂದಲೇ. ಒಂದು ಸಲ ಹೆಸರು ಕೆಟ್ಟರೆ ಈ ಕೆಲಸದಲ್ಲಿ ಯಾರೂ ಎರಡನೇ ಸಲ ಬರುವುದಿಲ್ಲ. ಆದರೆ ಅವರಲ್ಲಿ ಹಲವರು ವರ್ಷದ ತೆರಿಗೆಯನ್ನು ಒಟ್ಟಿಗೇ ಕಟ್ಟಿದ್ದರು. ಅವರಿಗೆ ಗೊತ್ತಾಗುವುದು ಮುಂದಿನ ವರ್ಷ. ಅಥವಾ ಯಾರಿಗಾದರೂ ಗಾಡಿ ತಗುಲಿದ ದಿನ. ಎರಡು ಸ್ಕೂಲ್ ವ್ಯಾನುಗಳ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತೆ. ಆಮೇಲೆ ಬಾಗಿಲಿಗೆ ‘ಇಂದು ಕೆಲಸ ಇಲ್ಲ’ ಎಂದು ಬರೆದು ಅಂಟಿಸಿ ಒಳಗಿನಿಂದ ಅರ್ಧ ಶಟರ್ ಎಳೆದುಕೊಂಡೆ.

ಇಪ್ಪತ್ತಾರು ಪಾಲಿಸಿ, ನಾಲ್ಕು ಬೇರೆ ಬೇರೆ ಕಂಪನಿ. ಮೂರು ಕಂಪನಿಗಳದ್ದನ್ನು ಜಾಲತಾಣದಲ್ಲೇ ನೋಡಬಹುದಿತ್ತು. ನಾಲ್ಕನೆಯದಕ್ಕೆ ಸಹಾಯವಾಣಿಗೆ ಫೋನ್ ಮಾಡಿ, ಒಂದು ಸಂಖ್ಯೆ ಹೇಳಿ, ಕಾದು, ಇನ್ನೊಂದು ಸಂಖ್ಯೆ ಹೇಳಬೇಕಿತ್ತು. ನಿಜವಾದದ್ದಕ್ಕೆ ಸರಿ ಗುರುತು, ಸುಳ್ಳಿಗೆ ಸುತ್ತು. ಹಳೆಯವೆಲ್ಲ ನಿಜವಾಗಿದ್ದವು. ಸುಮಾರು ಎಂಟು ತಿಂಗಳಿನಿಂದ ಈಚೆಗೆ ಸುತ್ತುಗಳು ಶುರುವಾದವು. ಸಂಜೆ ಎದ್ದಾಗ ಪುಸ್ತಕದಲ್ಲಿ ಒಂಬತ್ತು ಸುತ್ತುಗಳಿದ್ದವು, ಭಾಯಿಯದೂ ಸೇರಿ, ಎಲ್ಲವೂ ಜಾಲತಾಣದಲ್ಲಿ ನೋಡಿದವೇ. ಸ್ಕೂಲ್ ವ್ಯಾನುಗಳಲ್ಲಿ ಒಂದು ನಿಜ, ಒಂದು ಸುಳ್ಳು.

ಸ್ಕೂಲ್ ವ್ಯಾನಿನ ಮಾಲೀಕರಿಗೇ ಮೊದಲು ಫೋನ್ ಮಾಡಿದೆ. ಅಮೃತಹಳ್ಳಿಯ ಹೆಂಗಸು, ತಾವೇ ವ್ಯಾನ್ ಓಡಿಸುತ್ತಾರೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಅವ್ನು ನಿಮ್ಗೂ ಪಾಲು ಕೊಡ್ತಿದ್ನಾ?"

"ಪಾಲಿಸಿ ನಿಜ ಅಂದ್ಕೊಂಡು ತಗೋತಿದ್ದೆ. ಹೂಂ, ಕೊಡ್ತಿದ್ದ."

ಫೋನ್ ಇಟ್ಟುಬಿಟ್ಟರು. ಮರುದಿನ ಮಕ್ಕಳ ಅಪ್ಪ-ಅಮ್ಮಂದಿರಿಗೆಲ್ಲ ಅವರೇ ಮೆಸೇಜ್ ಹಾಕಿ ವ್ಯಾನ್ ನಿಲ್ಲಿಸಿದರೆಂದು ಆಮೇಲೆ ತಿಳಿಯಿತು. ನನ್ನ ಅಂಗಡಿಗೆ ಅವರು ಮತ್ತೆ ಬರಲಿಲ್ಲ.

ಉಳಿದವರಿಗೂ ಮಾಡಿದೆ. ಒಬ್ಬ ಬಾಯಿಗೆ ಬಂದ ಹಾಗೆ ಬೈದ. ಒಬ್ಬ ನಂಬಲಿಲ್ಲ, ನನಗೂ ಏಜೆಂಟ್‌ಗೂ ಏನೋ ಜಗಳ ಆಗಿರಬೇಕು ಎಂದ. ಅವನಿಗೆ ಕಂಪನಿಯ ಪುಟದ ಫೋಟೋ ಕಳಿಸಿದೆ. ಎಲ್ಲರಿಗೂ ಹೇಳಿದ್ದು ಮೂರೇ ಮಾತು: ಗಾಡಿ ತೆಗೆಯಬೇಡಿ, ನೇರವಾಗಿ ಕಂಪನಿಯಿಂದಲೇ ಪಾಲಿಸಿ ಮಾಡಿಸಿ, ಅರ್ಜಿ ತುಂಬಲು ನನ್ನ ಹತ್ತಿರ ಬಂದರೆ ನನಗೇನೂ ಕೊಡಬೇಡಿ. ಹುಣಸಮಾರನಹಳ್ಳಿಯ ಗೂಡ್ಸ್ ಆಟೋದವರು ಮಾತ್ರ ಎಷ್ಟು ಸಲ ಮಾಡಿದರೂ ಫೋನ್ ಎತ್ತಲಿಲ್ಲ.

ಗುರುವಾರವೂ ವ್ಯಾನಿನ ಕೆಂಪು ಸಾಲು ಹೋಗಿರಲಿಲ್ಲ. ಭಾಯಿಯನ್ನು ಕರೆದುಕೊಂಡು ಆರ್‌ಟಿಒ ಕಚೇರಿಗೆ ಹೋದೆ. ತೆರಿಗೆ ವಿಭಾಗದಲ್ಲಿದ್ದ ಅಧೀಕ್ಷಕಿ ನಮ್ಮ ಹೊಸ ಪಾಲಿಸಿಯನ್ನು ನೋಡಿ, ತಮ್ಮ ಪರದೆಯಲ್ಲಿ ವ್ಯಾನಿನ ದಾಖಲೆ ತೆರೆದು, ಚಾಸಿಸ್ ಸಂಖ್ಯೆಯ ಹದಿನೇಳು ಅಕ್ಷರಗಳನ್ನೂ ಪೆನ್ನಿನ ತುದಿಯಿಂದ ಒಂದೊಂದಾಗಿ ಹೋಲಿಸಿದರು. ಆರನೆಯದರ ಮೇಲೆ ಪೆನ್ನು ನಿಂತಿತು.

"ಇಲ್ಲಿ ಸೊನ್ನೆ ಇದೆ. ನಿಮ್ ಪಾಲಿಸೀಲಿ ಇಂಗ್ಲಿಷ್ ಓ ಇದೆ. ಎರಡೂ ಹೊಂದಲ್ಲ, ಅದಕ್ಕೇ ಸಿಸ್ಟಂ ತಗೊಂಡಿಲ್ಲ."

"ಟ್ಯಾಕ್ಸ್ ಪುಟದಲ್ಲಿ ಗಾಡಿ ಸರಿಯಾಗೇ ತೆರ್ಕೊಂಡಿತ್ತಲ್ಲ ಮೇಡಂ?"

"ಅದು ಕೊನೇ ಐದು ಅಂಕಿ ಅಷ್ಟೇ ಕೇಳುತ್ತೆ. ಅವು ಸರಿ ಇವೆ. ನೆನಪಿಟ್ಕೊಳ್ಳಿ, ಚಾಸಿಸ್ ನಂಬರಲ್ಲಿ ಓ ಅಕ್ಷರ ಬರೋದೇ ಇಲ್ಲ. ಸೊನ್ನೆ ಜೊತೆ ಗೊಂದಲ ಆಗುತ್ತೆ ಅಂತಾನೇ ಅದನ್ನ ಬಿಟ್ಟಿರ್ತಾರೆ. ಇದನ್ನ ಯಾರು ಟೈಪ್ ಮಾಡಿದ್ದು?"

ನಾನು ಮಾಡಿದ್ದು. ಭಾಯಿಯ ಆರ್‌ಸಿ ಕಾರ್ಡಿನ ಅಕ್ಷರಗಳು ಸವೆದಿದ್ದವು. ಕಣ್ಣಿಗೆ ಸ್ಪಷ್ಟವಾಗಿ ಕಂಡದ್ದು ಆ ಸುಳ್ಳು ಪಿಡಿಎಫ್, ಅದನ್ನೇ ನೋಡಿ ಬರೆದುಕೊಂಡಿದ್ದೆ. ಏಜೆಂಟ್ ಅವಸರದಲ್ಲಿ ಹೊಡೆದ ಒಂದು ತಪ್ಪಕ್ಷರವನ್ನು ನಾನು ನಿಜವಾದ ಪಾಲಿಸಿಗೆ ಕೊಂಡೊಯ್ದು ಕೂರಿಸಿದ್ದೆ. ಅಂದರೆ ಬುಧವಾರದಿಂದ ಭಾಯಿ ಮತ್ತೆ ವ್ಯಾನ್ ತೆಗೆದಿದ್ದರೆ, ಏನಾದರೂ ಆಗಿದ್ದರೆ, ಆ ಒಂದು ಅಕ್ಷರದ ಮೇಲೆ ತಕರಾರು ಏಳುತ್ತಿತ್ತು. ಪುಣ್ಯಕ್ಕೆ ತೆರಿಗೆ ಕಟ್ಟುವವರೆಗೂ ತೆಗೆಯುವುದಿಲ್ಲ ಎಂದು ಅವರು ಹಟ ಹಿಡಿದಿದ್ದರು.

ಹೊರಗೆ ಬಂದು ಮರದ ಕೆಳಗೆ ನಿಂತೆವು. ಭಾಯಿ ಎರಡು ಟೀ ತಂದರು.

"ನಂದೇ ತಪ್ಪು ಭಾಯಿ. ಮತ್ತೆ ಅದೇ ಕಾಗ್ದ ನಂಬಿದೆ."

"ಕುಡೀರಿ ಮೊದ್ಲು. ಇವತ್ತು ಗುರುವಾರ. ಸೋಮವಾರಕ್ಕೆ ಇನ್ನೂ ಟೈಮ್ ಇದೆ. ಈಗ ಎಲ್ಲಿಗೆ ಹೋಗ್ಬೇಕು, ಅದು ಹೇಳಿ."

ಮತ್ತೆ ಹೆಬ್ಬಾಳದ ಶಾಖೆಗೆ. ಪಾಲಿಸಿಯಲ್ಲಿ ತಿದ್ದುಪಡಿಯಾಗಬೇಕೆಂದರೆ ಒಂದು ಪತ್ರ, ಆರ್‌ಸಿ ಪ್ರತಿ, ಚಾಸಿಸ್ ಸಂಖ್ಯೆಯ ಪೆನ್ಸಿಲ್ ಅಚ್ಚು ಬೇಕೆಂದರು. ಶಾಖೆಯ ಪಾರ್ಕಿಂಗ್‌ನಲ್ಲಿ ವ್ಯಾನಿರಲಿಲ್ಲ, ಅದು ಆರ್.ಟಿ. ನಗರದ ಮನೆಯ ಮುಂದೆ ನಿಂತಿತ್ತು. ಆಟೋ ಹಿಡಿದು ಅಲ್ಲಿಗೆ ಹೋದೆವು. ಭಾಯಿ ಗೋಣಿ ಹಾಸಿಕೊಂಡು ಗಾಡಿಯ ಕೆಳಗೆ ನುಗ್ಗಿ, ಚೌಕಟ್ಟಿನ ಮಣ್ಣು ಒರೆಸಿ, ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದರು. ಮೊದಲನೆಯದು ಹರಿಯಿತು, ಎರಡನೆಯದರಲ್ಲಿ ಅರ್ಧ ಅಕ್ಷರ ಏಳಲಿಲ್ಲ, ಮೂರನೆಯದು ಚೆನ್ನಾಗಿ ಬಂತು. ಶುಕ್ರವಾರ ಬೆಳಗ್ಗೆ ಅದನ್ನು ಕೊಟ್ಟೆವು, ಸಂಜೆ ತಿದ್ದಿದ ಪಾಲಿಸಿ ಬಂತು. ಶಾಖೆಯ ಮೇಜಿನ ಮುಂದೆಯೇ ನಿಂತು ಹದಿನೇಳು ಅಕ್ಷರಗಳನ್ನೂ ಅಚ್ಚಿನ ಜೊತೆ ಎರಡು ಸಲ ಹೋಲಿಸಿದೆ. ಮೇಜಿನಾಚೆಗಿದ್ದವರು ಸುಮ್ಮನೆ ಕಾದರು.

ಅದೇ ಸಂಜೆ ಏಜೆಂಟ್ ಫೋನ್ ಮಾಡಿದ. ನಾನು ಎಚ್ಚರಿಸಿದವರೆಲ್ಲ ಅವನನ್ನು ಹಿಡಿದು ಕೇಳತೊಡಗಿದ್ದರು.

"ಅಕ್ಕಾ, ಯಾಕಕ್ಕಾ ಹಿಂಗ್ ಮಾಡ್ತಿದೀರಾ? ಒಂದು ತಿಂಗ್ಳು ಟೈಮ್ ಕೊಡಿ, ಎಲ್ಲಾರ್ಗೂ ಒರಿಜಿನಲ್ ಮಾಡ್ಸಿಕೊಡ್ತೀನಿ."

"ಒಂದು ತಿಂಗ್ಳು ಆ ಗಾಡಿಗಳು ರೋಡಲ್ಲಿ ಹೆಂಗೆ ಓಡ್ಬೇಕು?"

"ನೋಡಿ, ಎಲ್ಲಾ ಪಿಡಿಎಫ್ ನಿಮ್ ವಾಟ್ಸಾಪ್‌ಗೇ ಬಂದಿರೋದು. ಪ್ರಿಂಟ್ ಹಾಕಿದ್ದು ನೀವು. ಕಂಪ್ಲೇಂಟ್ ಅಂತ ಹೋದ್ರೆ ನಿಮ್ ಹೆಸ್ರೂ ಬರುತ್ತೆ. ಯೋಚ್ನೆ ಮಾಡಿ."

ಹೆದರಿಕೆ ಆಗಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅವನು ಹೇಳಿದ್ದರಲ್ಲಿ ನನಗೆ ಹೊಸದೇನೂ ಇರಲಿಲ್ಲ, ಬುಧವಾರದಿಂದ ನನಗೆ ನಾನೇ ಅದನ್ನು ಹೇಳಿಕೊಳ್ಳುತ್ತಿದ್ದೆ. "ಬರ್ಲಿ ಬಿಡು" ಎಂದು ಇಟ್ಟೆ. ಅಂದಿನಿಂದ ಅವನ ಫೋನ್ ಸ್ವಿಚ್ ಆಫ್.

ಶನಿವಾರ ಬೆಳಗ್ಗೆ ಬಸ್ಸು ಹತ್ತಿ ಹುಣಸಮಾರನಹಳ್ಳಿಗೆ ಹೋದೆ. ಪುಸ್ತಕದಲ್ಲಿದ್ದ ವಿಳಾಸ ಅರ್ಧ, ಜನರನ್ನು ಕೇಳಿದ್ದು ಅರ್ಧ. ಗೂಡ್ಸ್ ಆಟೋದವರು ಐವತ್ತು ದಾಟಿದ ಮನುಷ್ಯ. ಮನೆಯ ಮುಂದೆ ಗಾಡಿ ನಿಲ್ಲಿಸಿಕೊಂಡು ಗಂಡ ಹೆಂಡತಿ ಕೊತ್ತಂಬರಿ, ಸಬ್ಬಸಿಗೆ ಸೊಪ್ಪಿನ ಕಟ್ಟುಗಳನ್ನು ತುಂಬುತ್ತಿದ್ದರು. ಫೋನ್ ನೀರಿಗೆ ಬಿದ್ದು ಕೆಟ್ಟಿತ್ತಂತೆ.

"ಏನವ್ವಾ, ಇಷ್ಟು ದೂರ ಬಂದ್ಬುಟ್ಟೆ?"

ಹೇಳಿದೆ. ಅವರು ನಕ್ಕು, ಸೀಟಿನ ಹಿಂದಿನಿಂದ ಲ್ಯಾಮಿನೇಷನ್ ಮಾಡಿದ ಕಾಗದ ತೆಗೆದು ತೋರಿಸಿದರು. ನಾನೇ ಮಾಡಿಕೊಟ್ಟಿದ್ದು. ಒಂದು ಗುಳ್ಳೆಯೂ ಇಲ್ಲದೆ ನೀಟಾಗಿ ಕೂತಿತ್ತು.

"ಪೊಲೀಸ್ನೋರ್ಗೇ ಎಲ್ಡು ಸಲ ತೋರ್ಸಿವ್ನಿ. ನೋಡ್ಬುಟ್ಟು ಓಗು ಅಂದವ್ರೆ. ನೀನು ಇಂಗೆ ಏಳ್ತೀಯಲ್ಲ!"

ಅವರ ಕೈಗೇ ನನ್ನ ಫೋನ್ ಕೊಟ್ಟೆ. ಕಂಪನಿಯ ಪುಟ ತೆರೆದು, ಅವರ ಕಾಗದದಲ್ಲಿದ್ದ ಸಂಖ್ಯೆಯನ್ನು ಅವರಿಂದಲೇ ಹೊಡೆಸಿದೆ. ದಪ್ಪ ಬೆರಳುಗಳಿಂದ ಎರಡು ಸಲ ತಪ್ಪಿದರು, ಮೂರನೇ ಸಲ ಸರಿಯಾಯಿತು. ಯಾರದೋ ಹೆಸರು, ಯಾರದೋ ಬೈಕು. ಅವರು ಆ ಹೆಸರನ್ನು ಗಟ್ಟಿಯಾಗಿ ಓದಿದರು. ಹೆಂಡತಿ ಸೊಪ್ಪಿನ ಕಟ್ಟನ್ನು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟರು.

"ಯಲಹಂಕ ಮಾರ್ಕೆಟ್ಗೆ ಓಗ್ಲೇಬೇಕಲ್ಲವ್ವಾ. ಸೊಪ್ಪು ಬಾಡೋಯ್ತದೆ."

"ಸೊಪ್ಪು ಹೋಗ್ಲಿ ಅಣ್ಣಾ. ಬೇರೆ ಯಾರ್ದಾದ್ರೂ ಗಾಡೀಲಿ ಹಾಕಿ ಕಳ್ಸಿ. ನಿಮ್ದು ಇವತ್ತು ಬೇಡ."

ನನ್ನ ಮೇಲೆ ಕೂಗಾಡುತ್ತಾರೆ ಎಂದುಕೊಂಡೆ. ಅವರು ಎದುರು ಮನೆಯವರನ್ನು ಕೂಗಿ ಕರೆದರು. ತುಂಬಿದ್ದನ್ನೆಲ್ಲ ಇಳಿಸಿ ಅವರ ಗಾಡಿಗೆ ಹಾಕಲು ಅರ್ಧ ಗಂಟೆ ಹಿಡಿಯಿತು. ನಾನೂ ಕಟ್ಟುಗಳನ್ನು ಎತ್ತಿಕೊಟ್ಟೆ, ಸೀರೆಯ ತುಂಬ ಸಬ್ಬಸಿಗೆ ವಾಸನೆ. ಹೊರಟಾಗ ಆ ಹೆಂಗಸು ಒಂದು ಲೋಟ ಮಜ್ಜಿಗೆ ಕೊಟ್ಟರು. ಕುಡಿದು ಬಸ್ಸಿನ ಕಡೆ ನಡೆದೆ.

ಭಾನುವಾರ ಮನೆಯಲ್ಲಿದ್ದರೂ ನಾಲ್ಕು ಸಲ ಪುಟ ತೆರೆದು ನೋಡಿದೆ. ಕೆಂಪು ಸಾಲು ಕದಲಿರಲಿಲ್ಲ. ಸೋಮವಾರ ಬೆಳಗ್ಗೆ ಭಾಯಿ ನನಗಿಂತ ಮೊದಲೇ ಅಂಗಡಿಯ ಮುಂದಿದ್ದರು. ನಂಬರ್ ಹಾಕಿದೆ, ಐದು ಅಂಕಿ ಹಾಕಿದೆ. ಭಾಯಿ ಓಟಿಪಿಯನ್ನು ಒಂದೊಂದೇ ಅಂಕಿಯಾಗಿ ಓದಿದರು. ಪುಟ ಸುತ್ತುತ್ತ ನಿಂತಿತು. ತೆರೆಯಿತು. ಇನ್ಶೂರೆನ್ಸ್ ಮುಂದೆ ಮುಂದಿನ ವರ್ಷದ ತಾರೀಖು. ಕೆಂಪು ಸಾಲು ಇರಲಿಲ್ಲ.

ತೆರಿಗೆ ಕಟ್ಟಿ ರಸೀದಿ ಪ್ರಿಂಟ್ ಕೊಟ್ಟೆ. ಪ್ರಿಂಟರಿನಿಂದ ಹೊರಬಂದ ಬಿಸಿ ಕಾಗದವನ್ನು ಭಾಯಿ ಎರಡೂ ಕೈಯಲ್ಲಿ ಹಿಡಿದು ಮೇಲಿನಿಂದ ಕೆಳಗಿನವರೆಗೆ ಓದಿದರು, ಗಾಡಿಯ ನಂಬರನ್ನು ಬೆರಳಿಟ್ಟು ನೋಡಿದರು. ಅಲ್ಲೇ ಫೋಟೋ ತೆಗೆದು ಕಾಂಟ್ರಾಕ್ಟರಿಗೆ ಕಳಿಸಿದರು. ಮಧ್ಯಾಹ್ನದಿಂದ ಬನ್ನಿ ಎಂಬ ಉತ್ತರ ಬಂತು. ಕಣ್ಣೊರೆಸಿಕೊಂಡು, "ಈಗ ಎಲ್ಲಿಗೆ?" ಎಂದರು.

"ನೀವು ಡ್ಯೂಟಿಗೆ ಹೋಗಿ. ನಾನು ಸ್ಟೇಷನ್ನಿಗೆ ಹೋಗ್ತೀನಿ."

"ಒಬ್ರೇ ಹೋಗ್ತೀರಾ? ಬನ್ನಿ, ಮೋಸ ಆಗಿದ್ದು ನಂಗೂ ತಾನೇ."

ಪೊಲೀಸ್ ಠಾಣೆಯಲ್ಲಿ ಒಂಬತ್ತು ಸುಳ್ಳು ಪಾಲಿಸಿಗಳ ಪ್ರತಿ, ಒಂಬತ್ತು ಕಂಪನಿ ಪುಟಗಳ ಪ್ರತಿ, ಏಜೆಂಟ್ ಕಳಿಸಿದ ಎರಡು ಪಿಡಿಎಫ್ ಪಕ್ಕಪಕ್ಕ ಇಟ್ಟ ಹಾಳೆ, ಎಲ್ಲವನ್ನೂ ಕ್ರಮವಾಗಿ ಜೋಡಿಸಿ ಕೊಟ್ಟೆ. ಇನ್ಸ್‌ಪೆಕ್ಟರ್ ತಾಳ್ಮೆಯಿಂದ ನೋಡಿದರು. ಭಾಯಿ ತಮ್ಮ ಹೇಳಿಕೆ ಕೊಟ್ಟು ಸಹಿ ಹಾಕಿದರು. ಆಮೇಲೆ ಬರೆದುಕೊಳ್ಳುವ ಹೆಡ್ ಕಾನ್ಸ್‌ಟೇಬಲ್ ನನ್ನ ಕಡೆ ತಿರುಗಿದರು.

"ನಿಮ್ಗೂ ಅವ್ನಿಗೂ ಏನಮ್ಮಾ ಸಂಬಂಧ?"

"ಗಿರಾಕಿಗಳನ್ನ ಅವ್ನ ಹತ್ರ ಕಳಿಸ್ತಿದ್ದೆ ಸರ್. ಅದಕ್ಕೆ ಅವ್ನು ಒಂದಿಷ್ಟು ಕೊಡ್ತಿದ್ದ."

ಅವರು ಪೆನ್ನು ನಿಲ್ಲಿಸಿ ಇನ್ಸ್‌ಪೆಕ್ಟರ್ ಕಡೆ ನೋಡಿದರು. "ಬರ್ಕೊಳ್ರಿ" ಎಂದರು ಇನ್ಸ್‌ಪೆಕ್ಟರ್. ಮುಕ್ಕಾಲು ಗಂಟೆ ಹೇಳಿದೆ, ಮುಕ್ಕಾಲು ಗಂಟೆ ಬರೆದುಕೊಂಡರು. ಏಜೆಂಟ್ ಇನ್ನೂ ಸಿಕ್ಕಿಲ್ಲ, ತನಿಖೆ ನಡೆಯುತ್ತಿದೆ. ಆಮೇಲೆ ಎರಡು ಸಲ ನನ್ನನ್ನು ಕರೆಸಿದರು, ಹೋಗಿ ಬಂದೆ. ಕರೆದಾಗಲೆಲ್ಲ ಹೋಗುತ್ತೇನೆ. ಒಂಬತ್ತರಲ್ಲಿ ನಾಲ್ಕು ಗಾಡಿಯವರು ಈಗಲೂ ನನ್ನ ಅಂಗಡಿಗೇ ಬರುತ್ತಾರೆ, ಐವರು ಬರುವುದಿಲ್ಲ.

ಆ ದಿನ ಬರೆದು ಮುಗಿಸಿದ ಮೇಲೆ ಹೆಡ್ ಕಾನ್ಸ್‌ಟೇಬಲ್ ಹೇಳಿಕೆಯನ್ನು ನನ್ನ ಮುಂದಿಟ್ಟು, ಸಹಿ ಮಾಡುವ ಜಾಗ ತೋರಿಸಿದರು. ನಾನು ಮೊದಲ ಸಾಲಿನಿಂದ ಓದಿದೆ. ಎರಡನೇ ಪುಟದ ನಡುವೆ, ‘ಸದರಿ ಏಜೆಂಟನ ಬಳಿಗೆ ಗಿರಾಕಿಗಳನ್ನು ಗೊತ್ತಿಲ್ಲದೆ ಕಳುಹಿಸಿರುತ್ತೇನೆ’ ಎಂದಿತ್ತು. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದರು.

"ಸರ್, ಈ ಒಂದು ಪದ ಬದಲಾಯಿಸ್ಬೇಕು."

"ಯಾವ್ದು?"

"ಗೊತ್ತಿಲ್ಲದೆ ಅಂತಿದೆಯಲ್ಲ. ನೋಡಿದ್ರೆ ಗೊತ್ತಾಗ್ತಿತ್ತು, ನಾನು ನೋಡ್ಲಿಲ್ಲ. ಪರಿಶೀಲಿಸದೆ ಅಂತ ಬರೀರಿ."

ಅವರು ನನ್ನ ಮುಖ ನೋಡಿದರು. "ಇದು ನಿಮ್ಗೇ ಭಾರ ಆಗುತ್ತಲ್ಲಮ್ಮಾ" ಎಂದರು. ನಾನು ಪೆನ್ನಿಗಾಗಿ ಕೈ ಚಾಚಿಕೊಂಡೇ ಇದ್ದೆ. ಅವರು ಹೇಳಿಕೆಯನ್ನು ಮತ್ತೆ ತಮ್ಮ ಕಡೆಗೆ ಎಳೆದುಕೊಂಡು, ಆ ಪದದ ಮೇಲೆ ಒಂದು ಗೆರೆ ಎಳೆದು, ಮೇಲೆ ಹೊಸ ಪದ ಬರೆದರು. ತಿದ್ದಿದ ಕಡೆಯೂ ಒಂದು ಸಹಿ ಬೇಕು ಎಂದರು. ಹಾಕಿದೆ.